ಲಾಂಗ್ ಬುಕ್, ಆ್ಯಪ್, ಗೂಗಲ್ ಶೀಟ್: ನಮ್ಮ ಹ್ಯಾಚರಿ ಲೆಕ್ಕಕ್ಕೆ ಯಾವುದು ಸರಿ ಬಂತು

ಮೊದಲೇ ಹೇಳಿಬಿಡುತ್ತೇನೆ, ನನಗೆ ಗೂಗಲ್ ಶೀಟೇ ಇಷ್ಟ. ಒಂದು ವರ್ಷದಿಂದ ಅದರಲ್ಲೇ ಬರೆಯುತ್ತಿದ್ದೇನೆ. ಅದಕ್ಕೂ ಮುಂಚೆ ನಾಲ್ಕು ವರ್ಷ ಲಾಂಗ್ ಬುಕ್, ನಡುವೆ ಏಳು ತಿಂಗಳು ದುಡ್ಡು ಕೊಟ್ಟು ತಗೊಂಡ ಒಂದು ಮೊಬೈಲ್ ಆ್ಯಪ್. ಮಷೀನು ಅದೇ, ಕೆಲಸದವರೂ ಅವರೇ. ಬದಲಾದದ್ದು ಲೆಕ್ಕ ಬರೆಯುವ ರೀತಿ ಮಾತ್ರ.

ನಮ್ಮದು ಕಲಬುರಗಿಯಿಂದ ಆಳಂದ ರಸ್ತೆಗೆ ಹೋಗುವಾಗ ಸಿಗುವ ಸಣ್ಣ ಹ್ಯಾಚರಿ, ಅಂದರೆ ಮಷೀನಿನಲ್ಲಿ ತತ್ತಿಗೆ ಕಾವು ಕೊಟ್ಟು ಕೋಳಿ ಮರಿ ಮಾಡಿಸುವ ಜಾಗ. 15,000 ತತ್ತಿ ಹಿಡಿಯುವ, ಕಾವು ಕೊಡುವ ಒಂದು ಸೆಟ್ಟರ್, ಮರಿ ಹೊರಬರುವ ಒಂದು ಹ್ಯಾಚರ್. ಸೋಮವಾರ ಮತ್ತು ಗುರುವಾರ ತತ್ತಿ ಇಡುತ್ತೇವೆ, ಸಲಕ್ಕೆ ಸುಮಾರು 2,500. 18 ದಿನ ಸೆಟ್ಟರ್‌ನಲ್ಲಿ, ಕೊನೆಯ 3 ದಿನ ಹ್ಯಾಚರ್‌ನಲ್ಲಿ. ಒಟ್ಟು 21 ದಿನ, ಅಂದರೆ ಸೋಮವಾರ ಇಟ್ಟದ್ದು ಸೋಮವಾರವೇ ಮರಿ. ಯಾವ ಹೊತ್ತಿಗೆ ಬಾಗಿಲು ತೆಗೆದರೂ ಸೆಟ್ಟರ್ ಒಳಗೆ ಐದಾರು ಬೇರೆ ಬೇರೆ ವಯಸ್ಸಿನ ತತ್ತಿ ಇರುತ್ತವೆ. ತತ್ತಿ ಬರುವುದು ಮೂರು ಬೇರೆ ಬೇರೆ ಫಾರಂನಿಂದ. ಮರಿ ಹೋಗುವುದು ಆಳಂದ, ಚಿಂಚೋಳಿ, ಜೇವರ್ಗಿ, ಹುಮನಾಬಾದ್ ಕಡೆಯ ಸಣ್ಣ ರೈತರಿಗೆ.

ಲಾಂಗ್ ಬುಕ್ ಬಗ್ಗೆ ನನಗೆ ಸಿಟ್ಟಿಲ್ಲ. ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ, ಕರೆಂಟ್ ಹೋದರೂ ಬರೆಯಬಹುದು. ಮರಿ ತೆಗೆಯುವ ದಿನ ಕೈ ಒದ್ದೆ, ಕೋಣೆ ತುಂಬ ಪುಕ್ಕದ ಧೂಳು. ಅಂಥಲ್ಲಿ ಪೆನ್ನಿಗಿಂತ ಒಳ್ಳೆಯದು ಯಾವುದೂ ಇಲ್ಲ. ಆದರೆ ನಾವು ಬರೆಯುತ್ತಿದ್ದದ್ದು ಎರಡೇ ಅಂಕಿ: ಇಟ್ಟ ತತ್ತಿ ಎಷ್ಟು, ಬಂದ ಮರಿ ಎಷ್ಟು. ಹೋದ ಬೇಸಿಗೆಗೂ ಈ ಬೇಸಿಗೆಗೂ ಏನು ವ್ಯತ್ಯಾಸ ಅಂತ ನೋಡಬೇಕಾದರೆ ಒಂದು ಭಾನುವಾರ ಪೂರ್ತಿ ಪುಟ ತಿರುಗಿಸಬೇಕು. ಯಾರೂ ತಿರುಗಿಸಲಿಲ್ಲ.

ಆ್ಯಪ್ ತಗೊಂಡದ್ದು ಅದಕ್ಕೇ. ತಿಂಗಳಿಗೆ 1,200 ರೂಪಾಯಿ. ಮೊದಲ ವಾರ ಖುಷಿಯಾಗಿತ್ತು. ಟ್ರೇ ತೂಕದ ಲೆಕ್ಕ ಚೆನ್ನಾಗಿತ್ತು. ಇಡುವ ದಿನ ಒಂದು ಟ್ರೇ ತೂಗಬೇಕು, 18ನೇ ದಿನ ಅದೇ ಟ್ರೇ ಮತ್ತೆ ತೂಗಬೇಕು. ತತ್ತಿಯ ತೂಕ 11ರಿಂದ 13 ಶೇಕಡ ಇಳಿದಿದ್ದರೆ ತೇವಾಂಶ ಸರಿ ಇದೆ ಅಂತ ಅರ್ಥ. ನಮ್ಮ ಕಡೆಯ ಒಣ ಬಿಸಿಲಿಗೆ ಒಮ್ಮೆ 14 ದಾಟಿತ್ತು. ಆ್ಯಪ್ ಕೆಂಪು ಬಣ್ಣದಲ್ಲಿ ತೋರಿಸಿತು, ನಾವು ಅವತ್ತೇ ತೇವಾಂಶ ಕೊಡುವ ನೀರಿನ ನಳಿಗೆ ಬಿಚ್ಚಿ ನೋಡಿದರೆ ಸುಣ್ಣ ಕಟ್ಟಿಕೊಂಡಿತ್ತು. ಇಷ್ಟಕ್ಕೆ ಅದಕ್ಕೆ ಧನ್ಯವಾದ ಹೇಳಲೇಬೇಕು.

ತೊಂದರೆ ಶುರುವಾದದ್ದು ತತ್ತಿಯನ್ನು ಹ್ಯಾಚರ್‌ಗೆ ದಾಟಿಸುವ ದಿನ. ಮೂರು ಫಾರಂನ ತತ್ತಿಗೆ ಮೂರು ಬ್ಯಾಚ್ ಅಂತ ಬರೆದಿದ್ದೆ. ಮೊದಲನೆಯದನ್ನು ಹ್ಯಾಚರ್‌ಗೆ ಹಾಕಿದೆ, ತಗೊಂಡಿತು. ಎರಡನೆಯದು ಹಾಕಲು ಹೋದರೆ 'ಈ ಹ್ಯಾಚರ್ ಖಾಲಿ ಇಲ್ಲ' ಅಂತ ಬಂತು. ಒಂದು ಹ್ಯಾಚರ್‌ಗೆ ಒಂದೇ ಬ್ಯಾಚ್, ಅದು ಅವರ ನಿಯಮ. ದೊಡ್ಡ ಕಂಪನಿಗಳಲ್ಲಿ ಒಂದು ಫಾರಂನ ತತ್ತಿಯೇ ಇಡೀ ಹ್ಯಾಚರ್ ತುಂಬುತ್ತದೆ, ಅವರಿಗೆ ಸರಿ. ನಮ್ಮಂಥವರ ಹ್ಯಾಚರ್‌ನಲ್ಲಿ ಮೂರು ಮನೆಯ ತತ್ತಿ ಒಟ್ಟಿಗೆ ಕೂತಿರುತ್ತವೆ.

ಆ್ಯಪ್‌ನವರಿಗೆ ಫೋನ್ ಮಾಡಿ ಕೇಳಿದೆ. ಎಲ್ಲ ಸೇರಿಸಿ ಒಂದೇ ಬ್ಯಾಚ್ ಮಾಡಿ, ಫಾರಂ ಹೆಸರನ್ನು ಟಿಪ್ಪಣಿಯಲ್ಲಿ ಬರೆಯಿರಿ ಅಂದರು. ಟಿಪ್ಪಣಿ ರಿಪೋರ್ಟಿನಲ್ಲಿ ಬರುವುದಿಲ್ಲ. ಸರಿ, ನಾನೇ ಒಂದು ದಾರಿ ಹುಡುಕಿದೆ. ಇರುವ ಒಂದು ಹ್ಯಾಚರ್‌ಗೆ ಮೂರು ಹೆಸರು ಕೊಟ್ಟು ಮೂರು ಹ್ಯಾಚರ್ ಇದೆ ಅಂತ ತುಂಬಿದೆ. ಒಪ್ಪಿಕೊಂಡಿತು. ಆದರೆ ಈಗ ಮೂರಕ್ಕೂ ದಿನಕ್ಕೆ ನಾಲ್ಕು ಸಲ ಉಷ್ಣಾಂಶ ತುಂಬಬೇಕು. ತುಂಬದಿದ್ದರೆ ಬ್ಯಾಚ್ ಮುಚ್ಚುವುದಿಲ್ಲ, ಮುಚ್ಚದಿದ್ದರೆ ರಿಪೋರ್ಟ್ ಇಲ್ಲ. ಒಂದೇ ಮಷೀನಿನ ಒಂದೇ ಅಂಕಿಯನ್ನು ದಿನಕ್ಕೆ ಹನ್ನೆರಡು ಸಲ ಬರೆಯುವುದು. ಎರಡು ವಾರದಲ್ಲಿ ನಮ್ಮ ಹುಡುಗ ಥರ್ಮಾಮೀಟರ್ ನೋಡುವುದನ್ನೇ ಬಿಟ್ಟ, ನಿನ್ನೆಯ ಅಂಕಿಯನ್ನೇ ಸುಮ್ನೆ ತುಂಬುತ್ತಿದ್ದ. ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ನೋಡದೆ ಬರೆದ ಉಷ್ಣಾಂಶ ಇಟ್ಟುಕೊಂಡು ತತ್ತಿ ಕಾಯುವುದಕ್ಕಿಂತ ಏನೂ ಬರೆಯದಿರುವುದು ಮೇಲು ಅನ್ನಿಸಿತು. ಮತ್ತೆ ಒಂದೇ ಬ್ಯಾಚ್‌ಗೆ ಬಂದೆ.

ಅದರ ಪೆಟ್ಟು ಬಿದ್ದದ್ದು ಹೋದ ವರ್ಷ ಏಪ್ರಿಲ್‌ನಲ್ಲಿ. ನಮಗೆ ಇಟ್ಟ ತತ್ತಿಗೆ 80ರಿಂದ 82 ಶೇಕಡ ಮರಿ ಬರುತ್ತಿತ್ತು. ಒಂದು ಸೋಮವಾರ ಆ್ಯಪ್ 69 ತೋರಿಸಿತು. ಮಷೀನ್ ಕೆಟ್ಟಿದೆ ಅಂದುಕೊಂಡೆ. ಹೈದರಾಬಾದಿನಿಂದ ಮೆಕ್ಯಾನಿಕ್ ಕರೆಸಿದೆ. ಫ್ಯಾನ್ ಬೆಲ್ಟ್, ಸೆನ್ಸರ್, ಓಡಾಟ ಸೇರಿ 9,000 ರೂಪಾಯಿ. ಗುರುವಾರದ ಬ್ಯಾಚೂ ಹಾಗೇ ಬಂತು.

ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದಿದ ಗೆಳೆಯನೊಬ್ಬ ಒಂದೇ ಮಾತು ಹೇಳಿದ: "ಒಡೆಯದೆ ಉಳಿದ ತತ್ತಿಗಳನ್ನು ಒಡೆದು ನೋಡು, ಫಾರಂ ಬೇರೆ ಬೇರೆ ಇಟ್ಟು ನೋಡು." ಮುಂದಿನ ಬ್ಯಾಚಿನ ಟ್ರೇಗಳ ಮೇಲೆ ಮಾರ್ಕರ್‌ನಿಂದ ಒಂದು, ಎರಡು, ಮೂರು ಅಂತ ಬರೆದೆವು. ಪ್ರತಿ ಫಾರಂನದು 840 ತತ್ತಿ. ಮೊದಲನೆಯದರಲ್ಲಿ 690 ಮರಿ, ಎರಡನೆಯದರಲ್ಲಿ 681. ಮೂರನೆಯದರಲ್ಲಿ ಬರೀ 364. ಉಳಿದ 785 ತತ್ತಿಗಳನ್ನು ಸಂಜೆ ಕೂತು ಒಡೆದೆವು. ಆ ವಾಸನೆ ಎರಡು ದಿನ ಕೈ ಬಿಡಲಿಲ್ಲ. ಮೂರನೇ ಫಾರಂನ 476ರಲ್ಲಿ 426 ಖಾಲಿ ತತ್ತಿ, ಒಳಗೆ ಜೀವವೇ ಕೂತಿರಲಿಲ್ಲ. ಖಾಲಿ ತತ್ತಿ ಬಿಟ್ಟು ಲೆಕ್ಕ ಹಾಕಿದರೆ ಆ ಫಾರಂನದೂ 88 ಶೇಕಡ ಮರಿಯಾಗಿತ್ತು, ಮೊದಲ ಫಾರಂನಷ್ಟೇ. ಮಷೀನಿನದು ಏನೂ ತಪ್ಪಿರಲಿಲ್ಲ!

ಫಾರಂಗೆ ಹೋಗಿ ನೋಡಿದರೆ ಬಿಸಿಲಿಗೆ ಹುಂಜಗಳು ಸತ್ತಿದ್ದವು, ಉಳಿದವು ಬಾಯಿ ತೆರೆದು ನೆರಳಲ್ಲಿ ಕೂತಿದ್ದವು. ಹತ್ತು ಹೇಂಟೆಗೆ ಒಂದು ಹುಂಜ ಇರಬೇಕಾದ ಕಡೆ ಅರ್ಧವೂ ಇರಲಿಲ್ಲ. ಅವರು ಮುಚ್ಚಿಡಲಿಲ್ಲ, ಹೊಸ ಹುಂಜ ತಂದರು. ಒಂದು ತಿಂಗಳಲ್ಲಿ ಸರಿಹೋಯಿತು. ಆದರೆ ಅಷ್ಟರಲ್ಲಿ ಚಿಂಚೋಳಿಯ ರೈತರಿಗೆ ಒಪ್ಪಿಕೊಂಡಷ್ಟು ಮರಿ ಕೊಡಲು ಆಗಲಿಲ್ಲ. ಅವರು ಬೇರೆ ಕಡೆ ಹೋದರು. ಅದು ಇವತ್ತಿಗೂ ನೋವು.

ತತ್ತಿ ಒಡೆದು ನೋಡಿದ ಆ ರಾತ್ರಿಯೇ ಶೀಟ್ ಮಾಡಿದೆ. ಒಂದು ಫಾರಂಗೆ ಒಂದು ಸಾಲು, ಇಷ್ಟೇ ಅದರ ಗುಟ್ಟು. ಇಟ್ಟ ದಿನ, ತತ್ತಿಗೆ ಎಷ್ಟು ದಿನವಾಗಿತ್ತು, ಟ್ರೇ ತೂಕ ಎರಡು ಸಲ, ಮರಿ, ಖಾಲಿ ತತ್ತಿ, ತತ್ತಿಯೊಳಗೇ ಮೊದಲ ವಾರ ಸತ್ತದ್ದು, ನಡುವೆ ಸತ್ತದ್ದು, ಕೊನೆಗೆ ಸತ್ತದ್ದು, ಚಿಪ್ಪು ಚುಚ್ಚಿಯೂ ಹೊರಬರದ್ದು. ಮೊದಲ ವಾರದ ಸಾವು ಜಾಸ್ತಿಯಾದರೆ ತತ್ತಿ ಇಟ್ಟುಕೊಂಡ ರೀತಿಯನ್ನು ನೋಡುತ್ತೇನೆ, ಕೊನೆಯದು ಜಾಸ್ತಿಯಾದರೆ ಹ್ಯಾಚರ್ ನೋಡುತ್ತೇನೆ. ತತ್ತಿಗೆ ಏಳು ದಿನ ದಾಟಿದರೆ ಸಾಲು ಕೆಂಪಾಗುತ್ತದೆ. ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಗಾಡಿ ಸಿಗದೆ ಹತ್ತು ದಿನದ ತತ್ತಿ ಇಟ್ಟಿದ್ದೆವು. ಮರಿ ಕಡಿಮೆ ಬಂದವು, ಬಂದವೂ ಕೆಲವು ತಾಸು ತಡವಾಗಿ ಬಂದವು. ಅದು ಶೀಟಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಕೂತಿದೆ.

ಮುಂದಿನದನ್ನು ನೋಡಲೂ ಇದೇ ಚೆನ್ನ. ಅಮೆರಿಕದಲ್ಲಿ ಕೃಷಿ ಇಲಾಖೆ ಬ್ರಾಯ್ಲರ್ ಹ್ಯಾಚರಿಗಳಲ್ಲಿ ಎಷ್ಟು ತತ್ತಿ ಇಟ್ಟರು, ಫಾರಂಗಳಿಗೆ ಎಷ್ಟು ಮರಿ ಹೋದವು ಅಂತ ಪ್ರತಿ ವಾರ ಪ್ರಕಟಿಸುತ್ತದೆ. ಇಂದು ಇಟ್ಟ ತತ್ತಿ ಮೂರು ವಾರಕ್ಕೆ ಮರಿ, ಇನ್ನಾರು ವಾರಕ್ಕೆ ಮಾರುವ ಕೋಳಿ, ಹಾಗಾಗಿ ಎರಡು ತಿಂಗಳ ಮುಂಚೆಯೇ ಅಂದಾಜು ಸಿಗುತ್ತದೆ. ನಾನೂ ಶ್ರಾವಣವನ್ನು ಹೀಗೇ ಹಿಂದಕ್ಕೆ ಎಣಿಸುತ್ತೇನೆ. ಆ ತಿಂಗಳು ಊರಲ್ಲಿ ಕೋಳಿ ಕೇಳುವವರು ಕಡಿಮೆ ಅಲ್ವಾ?

ಆ್ಯಪ್‌ನ ಉಳಿದ ಕೊರತೆಗಳು ಸಣ್ಣವು. ಇಟ್ಟ ದಿನವನ್ನೇ ಒಂದನೇ ದಿನ ಅಂತ ಎಣಿಸಿ ಒಂದು ದಿನ ಮುಂಚೆ ಮೆಸೇಜ್ ಕಳಿಸುತ್ತಿತ್ತು. 100 ಮರಿ ಬಾಕ್ಸಿಗೆ ನಾವು ಹಾಕುವ 2 ಹೆಚ್ಚುವರಿ ಮರಿಗೆ ಜಾಗವೇ ಇರಲಿಲ್ಲ.

ಶೀಟಿಗೂ ಕೊರತೆ ಇದೆ. ಹುಡುಗ ಒಮ್ಮೆ ಸೂತ್ರ ಅಳಿಸಿಬಿಟ್ಟ, ಈಗ ಆ ಕಾಲಂಗಳಿಗೆ ಬೀಗ ಹಾಕಿದ್ದೇನೆ. ಸಣ್ಣ ಮೊಬೈಲ್‌ನಲ್ಲಿ ತುಂಬುವುದು ಕಷ್ಟ. ಅದಕ್ಕೆ ಹ್ಯಾಚರ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ, ಪೆನ್ನಿನಲ್ಲಿ ಬರೆದು ರಾತ್ರಿ ಊಟ ಆದ ಮೇಲೆ ನಾನು ಶೀಟಿಗೆ ಏರಿಸುತ್ತೇನೆ. ದಿನಕ್ಕೆ ಹತ್ತು ನಿಮಿಷ. ಲಾಂಗ್ ಬುಕ್‌ನ ಒಳ್ಳೆಯದೂ ಹೀಗೆ ಉಳಿಯಿತು.

ದಿನಾ ಕೂತು ಬರೆಯುವ ಅಭ್ಯಾಸ ನನಗಿದೆ, ತಿಂಗಳಿಗೆ 1,200 ಉಳಿಸುವ ಅಗತ್ಯವೂ ಇದೆ. ಒಂದೇ ಫಾರಂನ ತತ್ತಿ ತರುವವರು, ನಾಲ್ಕೈದು ಹ್ಯಾಚರ್ ಇರುವವರು ಆ್ಯಪ್ ತಗೊಳ್ಳಬಹುದು. ತಗೊಳ್ಳುವ ಮುಂಚೆ ಒಂದು ಹ್ಯಾಚರ್‌ಗೆ ಎರಡು ಬ್ಯಾಚ್ ಹಾಕಿ ನೋಡಿ. ನಮಗೆ ಮುಂದಿನ ತಿಂಗಳು ಎರಡನೇ ಹ್ಯಾಚರ್ ಬರುತ್ತಿದೆ. ಶೀಟಿನಲ್ಲಿ ಒಂದು ಕಾಲಂ ಸೇರಿಸಿಟ್ಟಿದ್ದೇನೆ.