ಗಡಿ ದಾಟುವ ಪಾರ್ಸೆಲ್: ಅಂಚೆಯಾ, ಕೊರಿಯರಾ, ಇಲ್ಲಾ ನಾವೇ ಹೋಗಿ ತರೋದಾ?

ಕೆನಡಾದ ಮಿಸಿಸಾಗಾದಲ್ಲಿರುವ ನಮ್ಮಂಥವರ ಮನೆಗೆ ಪಾರ್ಸೆಲ್ ಬರುವುದು ಎರಡು ಕಡೆಯಿಂದ. ಒಂದು ಊರಿಂದ, ಇನ್ನೊಂದು ಪಕ್ಕದ ಅಮೆರಿಕದಿಂದ. ಎರಡರಲ್ಲೂ ಸಾಗಣೆ ಖರ್ಚು ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಬಾಗಿಲಿಗೆ ಬಂದ ಮೇಲೆ ಎಷ್ಟು ಕೊಡಬೇಕು ಅನ್ನೋದು ಮಾತ್ರ ಗೊತ್ತಿರಲ್ಲ. ಒಂದೊಂದೇ ದಾರಿ ನೋಡುತ್ತಾ ಬಂದವನು ನಾನು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಆರ್ಡರ್ ಮಾಡುವಾಗ ಅತಿ ಅಗ್ಗ ಅಂತ ಕಾಣುವ ಗ್ರೌಂಡ್ ಕೊರಿಯರ್, ಅಂದರೆ ಲಾರಿಯಲ್ಲಿ ಗಡಿ ದಾಟಿ ಬರುವುದು, ಬಹಳ ಸಲ ಎಲ್ಲಕ್ಕಿಂತ ದುಬಾರಿ.

ನಿಯಮ ಸ್ವಲ್ಪ ತಿಳಿದಿರಬೇಕು, ಇಲ್ಲಾಂದ್ರೆ ಬಿಲ್ ಅರ್ಥ ಆಗಲ್ಲ. ಅಂಚೆಯಲ್ಲಿ ಬರುವ ವಸ್ತು 20 ಕೆನಡಿಯನ್ ಡಾಲರ್ ದಾಟಿದರೆ ಸುಂಕ, ತೆರಿಗೆ ಎರಡೂ ಬೀಳಬಹುದು. ಭಾರತದಿಂದ ಕೊರಿಯರ್‌ನಲ್ಲಿ ಬಂದರೂ ಇದೇ 20. ಅಮೆರಿಕ ಅಥವಾ ಮೆಕ್ಸಿಕೊದಿಂದ ಕೊರಿಯರ್‌ನಲ್ಲಿ ಬಂದರೆ ಮಾತ್ರ ಬೇರೆ ಲೆಕ್ಕ. ಮೂರು ದೇಶಗಳ ಹೊಸ ವ್ಯಾಪಾರ ಒಪ್ಪಂದ 2020ರ ಜುಲೈ 1ರಂದು ಜಾರಿಗೆ ಬಂತಲ್ಲ, ಆಗಿನಿಂದ 40 ಡಾಲರ್‌ವರೆಗೆ ತೆರಿಗೆ ಇಲ್ಲ, 150ರವರೆಗೆ ಸುಂಕ ಇಲ್ಲ. ಈ ರಿಯಾಯಿತಿ ಅಂಚೆಗೆ ಸಿಗಲಿಲ್ಲ. ಯಾಕೆ ಅಂತ ಕೇಳಬೇಡಿ, ಕೊರಿಯರ್ ಕಂಪನಿಗಳು ಖುಷಿಯಾಗಿರಬೇಕು ಅಷ್ಟೆ.

ಈಗ ಒಂದು ಜಾಕೆಟ್ ತೆಗೆದುಕೊಳ್ಳಿ. ಬೆಲೆ 120 ಕೆನಡಿಯನ್ ಡಾಲರ್, ಚೀನಾದಲ್ಲಿ ಹೊಲಿದದ್ದು, ಅಮೆರಿಕದ ಅಂಗಡಿಯಿಂದ ಬರುತ್ತಿದೆ. ಬಟ್ಟೆಗೆ ಇಲ್ಲಿ ಸುಂಕ ಜಾಸ್ತಿ, 18% ಅಂತಿಟ್ಟುಕೊಳ್ಳೋಣ.

ಅಂಚೆಯಲ್ಲಿ ಬಂದರೆ ಸುಂಕ 21.60. ನಮ್ಮ ಪ್ರಾಂತ್ಯ ಒಂಟಾರಿಯೊದ ಮಾರಾಟ ತೆರಿಗೆ, ಅಂದರೆ ಎಚ್‌ಎಸ್‌ಟಿ, 13%; ಅದನ್ನು ಹಾಕುವುದು ಬೆಲೆ ಮತ್ತು ಸುಂಕ ಸೇರಿಸಿದ ಮೊತ್ತದ ಮೇಲೆ. ಹೌದು, ಸುಂಕದ ಮೇಲೂ ತೆರಿಗೆ. ಅದು 18.41. ಇವೆಲ್ಲ ವಸೂಲು ಮಾಡಿದ್ದಕ್ಕೆ ಕೆನಡಾ ಪೋಸ್ಟ್‌ನ ಶುಲ್ಕ 9.95. ಒಟ್ಟು 49.96.

ಅದೇ ಜಾಕೆಟ್ ಕೊರಿಯರ್‌ನಲ್ಲಿ ಬಂದರೆ 150ರ ಒಳಗೆ ಇರುವುದರಿಂದ ಸುಂಕ ಸೊನ್ನೆ. ತೆರಿಗೆ 15.60 ಮಾತ್ರ. ಸರ್ಕಾರಕ್ಕೆ ಹೋಗುವುದು ಅಷ್ಟೇ. ಓದುವಾಗ ಚೆನ್ನಾಗಿದೆ ಅಲ್ವಾ? ಆದರೆ ನನ್ನ ಕೈಗೆ ಬಂದ ಗ್ರೌಂಡ್ ಕೊರಿಯರ್ ಬಿಲ್‌ನಲ್ಲಿ ಅದರ ಕೆಳಗೆ ಇನ್ನೂ ಸಾಲುಗಳಿದ್ದವು. ಕಸ್ಟಮ್ಸ್ ಕಾಗದ ತಯಾರಿಸಿದ್ದಕ್ಕೆ ಬ್ರೋಕರೇಜ್, 28 ಡಾಲರ್ ಹತ್ತಿರ. ನಮ್ಮ ಪರವಾಗಿ ತೆರಿಗೆ ಮುಂಗಡವಾಗಿ ಕಟ್ಟಿದ್ದಕ್ಕೆ ಇನ್ನೊಂದು ಶುಲ್ಕ, ಹತ್ತರ ಆಸುಪಾಸು. ಆಮೇಲೆ ಈ ಎರಡು ಶುಲ್ಕಗಳ ಮೇಲೂ 13% ತೆರಿಗೆ. ಎಲ್ಲಾ ಕೂಡಿದರೆ 58 ದಾಟಿತು. ಅದರಲ್ಲಿ ಸರ್ಕಾರ ಜಾಕೆಟ್‌ಗೆ ಅಂತ ಕೇಳಿದ್ದು ಹದಿನೈದು ಚಿಲ್ಲರೆ. ಮಿಕ್ಕಿದ್ದು ಕಾಗದ ಬರೆದ ಕೂಲಿ. ಮದುವೆಮನೆ ಊಟಕ್ಕಿಂತ ಎಲೆ ಹಾಕಿದ್ದಕ್ಕೇ ಜಾಸ್ತಿ ದುಡ್ಡು ಕೇಳಿದ ಹಾಗೆ. ಅಂಗಡಿಯಲ್ಲಿ ಗ್ರೌಂಡ್ ಸಾಗಣೆಗೆ 8 ಡಾಲರ್ ಅಂತ ತೋರಿಸಿತ್ತು, ಅಂಚೆಗೆ 15. ಅಲ್ಲಿ ಉಳಿಸಿದ ಏಳು ಡಾಲರ್ ಎಲ್ಲಿ ಹೋಯಿತು ಅಂತ ಹೇಳಬೇಕಾಗಿಲ್ಲ.

ಇನ್ನೊಂದು ವ್ಯತ್ಯಾಸ ಇದೆ. ಅಂಚೆಯಲ್ಲಿ ಬರುವ ಎಲ್ಲಾ ಪಾರ್ಸೆಲ್‌ಗೂ ಬಿಲ್ ಅಂಟಿಕೊಂಡು ಬರಲ್ಲ. ಕಸ್ಟಮ್ಸ್‌ನವರು ನೋಡಿ ಹಾಗೇ ಬಿಟ್ಟದ್ದು ನನಗೆ ಬೇಕಾದಷ್ಟು ಬಂದಿದೆ. ಕೊರಿಯರ್‌ನಲ್ಲಿ ಆ ಭಾಗ್ಯ ಇಲ್ಲ. ಪ್ರತಿಯೊಂದರ ಲೆಕ್ಕವನ್ನೂ ಕಂಪನಿಯೇ ಒಪ್ಪಿಸಬೇಕು, ಆದ್ದರಿಂದ ಪ್ರತಿಯೊಂದಕ್ಕೂ ಬಿಲ್.

ಸಣ್ಣ ಸಾಮಾನಿಗೆ ಮಾತ್ರ ಆಟ ತಿರುಗುತ್ತದೆ. 35 ಡಾಲರ್‌ನ, ಸುಂಕ ಇಲ್ಲದ ಒಂದು ವಸ್ತು ಅಮೆರಿಕದಿಂದ ಕೊರಿಯರ್‌ನಲ್ಲಿ ಬಂದರೆ ಏನೂ ಇಲ್ಲ. ಹಾಗೆ ಬಂದವುಗಳಿಗೆ ನನಗೆ ಬ್ರೋಕರೇಜ್ ಬಿಲ್ ಸಹ ಬರಲಿಲ್ಲ. ಅದೇ ಅಂಚೆಯಲ್ಲಿ ಸಿಕ್ಕಿಬಿದ್ದರೆ 4.55 ತೆರಿಗೆ, 9.95 ಶುಲ್ಕ, ಒಟ್ಟು 14.50. ಆದರೆ 40 ಅನ್ನೋದು ಕೆನಡಿಯನ್ ಡಾಲರ್ ಅಂತ ನೆನಪಿರಲಿ. ಅಮೆರಿಕದ ವೆಬ್‌ಸೈಟ್‌ನಲ್ಲಿ 30 ಅಂತ ಕಂಡದ್ದು ಇಲ್ಲಿಗೆ ಬರುವಷ್ಟರಲ್ಲಿ 40 ದಾಟಿರುತ್ತದೆ.

ಎಕ್ಸ್‌ಪ್ರೆಸ್, ಅಂದರೆ ವಿಮಾನದಲ್ಲಿ ಬೇಗ ಬರುವ ಕೊರಿಯರ್, ನೋಡಿದ ತಕ್ಷಣ ಬೆಚ್ಚಿ ಬೀಳಿಸುತ್ತದೆ. 30, 35 ಡಾಲರ್ ಸಾಗಣೆ. ಆದರೆ ಅದರಲ್ಲಿ ಸಾಮಾನ್ಯ ಕಸ್ಟಮ್ಸ್ ಕಾಗದದ ಕೆಲಸ ಸೇರಿರುತ್ತದೆ. ಬೇರೆಯಾಗಿ ಬರುವುದು ಮುಂಗಡ ಕಟ್ಟಿದ ಶುಲ್ಕ ಮಾತ್ರ. ಜಾಕೆಟ್ ಲೆಕ್ಕದಲ್ಲಿ ಗ್ರೌಂಡ್‌ಗೂ ಇದಕ್ಕೂ ಕೊನೆಗೆ ಹೆಚ್ಚು ಅಂತರ ಉಳಿಯಲಿಲ್ಲ, ವಸ್ತು ಮೂರು ದಿನ ಮೊದಲೇ ಬಂತು.

ನನಗೆ ಈಗ ಹೆಚ್ಚು ಇಷ್ಟ ಆರ್ಡರ್ ಮಾಡುವಾಗಲೇ ಎಲ್ಲಾ ಕಟ್ಟಿಸಿಕೊಳ್ಳುವ ಅಂಗಡಿಗಳು. ಅಮೆಜಾನ್‌ನಲ್ಲಿ ಆಮದು ಶುಲ್ಕದ ಠೇವಣಿ ಅಂತ ಒಂದು ಸಾಲು ಬರುತ್ತದೆ, ನಿಜವಾದ ಖರ್ಚು ಅದಕ್ಕಿಂತ ಕಡಿಮೆ ಆದರೆ ಮಿಕ್ಕಿದ್ದನ್ನು ವಾಪಸ್ ಹಾಕುತ್ತಾರೆ. ಇಬೇಯಲ್ಲೂ ಅಂಥ ವ್ಯವಸ್ಥೆ ಇದೆ. ಇಲ್ಲಿ ಎಲ್ಲಕ್ಕಿಂತ ಅಗ್ಗ ಆಗುತ್ತದೆ ಅಂತ ಹೇಳಲ್ಲ. ಬಾಗಿಲಲ್ಲಿ ನಿಂತು ಕಾರ್ಡ್ ತೆಗೆಯಬೇಕಾಗಿಲ್ಲ, ಬೇಡ ಅನ್ನಿಸಿದರೆ ಕೊಳ್ಳುವ ಮೊದಲೇ ಬಿಡಬಹುದು. ನನಗೆ ಅಷ್ಟು ಸಾಕು.

ಇನ್ನು ಬ್ರೋಕರೇಜ್ ತಪ್ಪಿಸಲು ನಾವೇ ಕಸ್ಟಮ್ಸ್ ಬಿಡಿಸಿಕೊಳ್ಳುವ ದಾರಿ. ಇದು ಕಾನೂನು ಕೊಟ್ಟ ಹಕ್ಕು, ಆದರೆ ಯಾವ ಕಂಪನಿಯೂ ತಾನಾಗಿ ಹೇಳಲ್ಲ. ಪಾರ್ಸೆಲ್ ಗಡಿ ದಾಟುವ ಮೊದಲೇ ಫೋನ್ ಮಾಡಿ 'ನಾನೇ ಕ್ಲಿಯರ್ ಮಾಡಿಕೊಳ್ಳುತ್ತೇನೆ' ಅನ್ನಬೇಕು. ತಡವಾದರೆ ಅವರು ಲೆಕ್ಕ ಒಪ್ಪಿಸಿ ಆಗಿರುತ್ತದೆ, ಶುಲ್ಕ ನಿಮ್ಮ ತಲೆಗೆ. ಫೋನ್‌ನಲ್ಲಿ ಮೊದಲು ಸಿಕ್ಕವರಿಗೆ ಇದು ಏನು ಅಂತಲೇ ಗೊತ್ತಿರಲಿಲ್ಲ. ಅವರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಂದು ವಿಭಾಗಕ್ಕೆ ಕೊಟ್ಟರು. ಕೊನೆಗೆ ಸರಕಿನ ನಂಬರ್ ಮತ್ತು ಇನ್‌ವಾಯ್ಸ್ ಪ್ರತಿ ಇಮೇಲ್‌ನಲ್ಲಿ ಬಂತು. ಅದನ್ನು ಹಿಡಿದು ಪಿಯರ್ಸನ್ ವಿಮಾನ ನಿಲ್ದಾಣದ ಹತ್ತಿರದ ಗಡಿ ಸೇವಾ ಸಂಸ್ಥೆಯ ಕಚೇರಿಗೆ ಹೋದೆ. ಕೌಂಟರ್‌ನಲ್ಲಿದ್ದವರು ಬಹಳ ಒಳ್ಳೆಯವರು. ಏನು ವಸ್ತು, ಎಲ್ಲಿ ತಯಾರಾದದ್ದು, ಎಷ್ಟು ಕೊಟ್ಟಿರಿ, ಮೂರು ಪ್ರಶ್ನೆ. ಬಿ15 ಅನ್ನುವ ಫಾರಂ ಅವರೇ ತುಂಬಿದರು, ತೆರಿಗೆ ಕಟ್ಟಿದೆ, ಮೊಹರು ಬಿತ್ತು. ಅದನ್ನು ಕೊರಿಯರ್ ಗೋದಾಮಿಗೆ ತೋರಿಸಿ ಪೆಟ್ಟಿಗೆ ತಂದೆ. ಸರ್ಕಾರದ ಕಡೆಯ ಕೆಲಸ ಇಪ್ಪತ್ತು ನಿಮಿಷ, ಕಂಪನಿಯ ಕಡೆಯದು ಅರ್ಧ ದಿನ. ದೊಡ್ಡ ಬೆಲೆಯ ವಸ್ತುವಿಗೆ, ಬ್ರೋಕರೇಜ್ 80-100 ಡಾಲರ್ ಆಗುವಾಗ, ಇದು ಸರಿ. ಜಾಕೆಟ್‌ಗೆ ಸುಮ್ನೆ ರಜಾ ಹಾಳು.

ಗಡಿಗೆ ಹೋಗಿ ತರುವುದು ಇಲ್ಲಿ ಹಳೇ ಅಭ್ಯಾಸ. ನಯಾಗರಾ ಫಾಲ್ಸ್‌ನ ಅಮೆರಿಕದ ದಡದಲ್ಲಿ, ಬಫಲೋದಲ್ಲಿ, ಪಾರ್ಸೆಲ್ ಇಟ್ಟುಕೊಳ್ಳುವ ಅಂಗಡಿಗಳಿವೆ. ಅವರ ವಿಳಾಸಕ್ಕೆ ತರಿಸಿಕೊಂಡು, ಒಂದಕ್ಕೆ ಇಷ್ಟು ಅಂತ ಕೆಲವು ಡಾಲರ್ ಕೊಟ್ಟು ಎತ್ತಿಕೊಂಡು ಬರುವುದು. ಅಮೆರಿಕದೊಳಗಿನ ಸಾಗಣೆ ಹೆಚ್ಚಾಗಿ ಉಚಿತ, ಬ್ರೋಕರೇಜ್ ಇಲ್ಲ, ಅಂಚೆ ಶುಲ್ಕ ಇಲ್ಲ. ಆದರೆ ಸುಂಕ, ತೆರಿಗೆ ತಪ್ಪಲ್ಲ. 24 ಗಂಟೆಗಿಂತ ಕಡಿಮೆ ಹೊತ್ತು ಹೋಗಿ ಬಂದರೆ ಪ್ರಯಾಣಿಕರಿಗೆ ಯಾವ ವಿನಾಯಿತಿಯೂ ಇಲ್ಲ. ಒಂದು ದಿನ ಉಳಿದರೆ 200, ಎರಡು ದಿನ ಉಳಿದರೆ 800 ಡಾಲರ್‌ವರೆಗೆ ಇದೆ. ಕಾರಿನ ಪೆಟ್ರೋಲು, ಸೇತುವೆ ಟೋಲು ಸೇರಿಸಿದರೆ ಒಂದು ಜಾಕೆಟ್‌ಗೆ ಹೋಗೋದು ಹುಚ್ಚಾಟ. ಕಾರಿನ ನಾಲ್ಕು ಟೈರೋ, ಮಗುವಿನ ಮಂಚವೋ ಆದರೆ ಲೆಕ್ಕ ಕೂಡುತ್ತದೆ.

ನಮ್ಮವರಿಗೆ ಇಲ್ಲೊಂದು ತೊಡಕಿದೆ, ಇಲ್ಲಿಯ ಗೆಳೆಯರಿಗೆ ಅದು ಹೊಳೆಯುವುದೇ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೆ, ಕೆನಡಾದ ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಅನುಮತಿ, ಇದ್ದರೂ, ಆ ಸೇತುವೆ ದಾಟಲು ಅಮೆರಿಕದ ವೀಸಾ ಬೇಕು. ವೀಸಾ ಇದ್ದವರು ಹೊರಟಾಗ ಉಳಿದ ಮನೆಗಳಿಂದ 'ಬರುವಾಗ ನಂದೂ ಒಂದು ಪೆಟ್ಟಿಗೆ ಇದೆ' ಅಂತ ಫೋನ್ ಬರುತ್ತದೆ. ತರಬಹುದು. ಆದರೆ ಬೇರೆಯವರಿಗಾಗಿ ತಂದದ್ದಕ್ಕೆ ನಿಮ್ಮ 200 ಅಥವಾ 800ರ ವಿನಾಯಿತಿ ಅನ್ವಯಿಸಲ್ಲ. ರಸೀದಿ ತೋರಿಸಿ, ಕಟ್ಟಿ ಬರಬೇಕು.

ಈಗ ಊರಿನ ಕಡೆ. ಅಲ್ಲಿಂದ ಬರುವುದು ಹೆಚ್ಚಾಗಿ ಉಡುಗೊರೆ. ಉಡುಗೊರೆಗೆ ಮಿತಿ 60 ಡಾಲರ್, ದಾಟಿದರೆ ಮೇಲಿನ ಮೊತ್ತಕ್ಕೆ ಮಾತ್ರ ಸುಂಕ, ತೆರಿಗೆ. ಕಳಿಸುವವರು ಒಬ್ಬ ವ್ಯಕ್ತಿ ಆಗಿರಬೇಕು, ಒಳಗೆ ಒಂದು ಚೀಟಿ ಇಲ್ಲಾ ಉಡುಗೊರೆ ಅನ್ನುವ ಗುರುತು ಇರಬೇಕು. ಆನ್‌ಲೈನ್ ಅಂಗಡಿಯವರು ಡಬ್ಬಿಯ ಮೇಲೆ 'ಗಿಫ್ಟ್' ಅಂತ ಬರೆದರೆ ಅದು ಉಡುಗೊರೆ ಆಗಲ್ಲ. ಅಮ್ಮ ಕಳಿಸಿದ ಕುರ್ತಾ 90 ಡಾಲರ್‌ನದು ಅಂತಿಟ್ಟುಕೊಳ್ಳಿ. 30ಕ್ಕೆ ಸುಂಕ 5.40, ತೆರಿಗೆ 4.60, ಅಂಚೆ ಶುಲ್ಕ ಸೇರಿ 19.95.

ಭಾರತೀಯ ಅಂಚೆಯ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದರೆ ಇಲ್ಲಿ ಅದು ಕೆನಡಾ ಪೋಸ್ಟ್ ಕೈಗೆ ಬರುತ್ತದೆ. ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಂಗ್ ನಿಂತು ಹೋಗುತ್ತದೆ, ಆದರೆ ಅಲ್ಲಿ ತೂಕ ಅಂದರೆ ತಕ್ಕಡಿಯ ತೂಕವೇ. ಬೆಂಗಳೂರಿನ ಬಡಾವಣೆಗಳಲ್ಲಿ ವಿದೇಶಕ್ಕೆ ಕಳಿಸುವ ಏಜೆಂಟ್ ಅಂಗಡಿಗಳಿವೆಯಲ್ಲ, ಅವರು ಮನೆಗೆ ಬಂದು ಪ್ಯಾಕ್ ಮಾಡಿ ತೆಗೆದುಕೊಂಡು ಹೋಗುತ್ತಾರೆ, ಒಂದು ವಾರದಲ್ಲಿ ಇಲ್ಲಿಗೆ ಮುಟ್ಟುತ್ತದೆ. ವಯಸ್ಸಾದ ಅಪ್ಪ ಅಮ್ಮನಿಗೆ ದೊಡ್ಡ ಅನುಕೂಲ. ತೊಂದರೆ ಇರುವುದು ಅವರ ತೂಕದಲ್ಲಿ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 40, 30, 30ರ ಪೆಟ್ಟಿಗೆ 7.2 ಕೆಜಿ ಆಗುತ್ತದೆ, ಒಳಗೆ ಹುರಿಹಿಟ್ಟು, ಹಪ್ಪಳ, ಸಂಡಿಗೆ ಸೇರಿ ಮೂರೇ ಕೆಜಿ ಇದ್ದರೂ. ಹಪ್ಪಳ ಸಂಡಿಗೆಗೆ ಅಂಚೆಯೇ ವಾಸಿ. ಚಟ್ನಿಪುಡಿ, ಸಾರಿನಪುಡಿ ಗಟ್ಟಿಯಾಗಿ ತುಂಬಿದರೆ ಏಜೆಂಟ್ ನಡೆಯುತ್ತದೆ.

ಇನ್ನೊಂದು ವಿಷಯ ಅಮ್ಮನ ಹತ್ತಿರ ಮಾತಾಡುವಾಗ ಗೊತ್ತಾಯಿತು. "ಬೆಲೆ ಎಷ್ಟು ಅಂತ ಬರೆದೆ ಅಮ್ಮ?" ಅಂದರೆ, "ನಾನೆಲ್ಲಿ ಬರೆದೆ ಕಣೋ, ಆ ಹುಡುಗನೇ ಏನೋ ಹಾಕಿಕೊಂಡ" ಅಂದರು. ಏಜೆಂಟ್ ಅಂಗಡಿಯ ಆ ಹುಡುಗ ರೇಷ್ಮೆ ಸೀರೆ ಇದ್ದ ಪೆಟ್ಟಿಗೆಗೆ ಹಾಕಿದ್ದು ಎಂಟುನೂರು ರೂಪಾಯಿ. ಸುಂಕ ಉಳಿಸಿಕೊಡುವ ಉಪಕಾರ ಅಂದುಕೊಂಡಿರಬೇಕು. ಕಸ್ಟಮ್ಸ್‌ನವರು ಬಿಚ್ಚಿ ನೋಡಿದರೆ ಬೆಲೆ ಅವರೇ ಕಟ್ಟುತ್ತಾರೆ, ಕಳೆದುಹೋದರೆ ಸಿಗುವ ಪರಿಹಾರವೂ ಎಂಟುನೂರೇ. ಈಗ ಅಮ್ಮ ಒಂದು ಹಾಳೆಯಲ್ಲಿ ವಸ್ತು, ಬೆಲೆ ಬರೆದು ಕೈಗೆ ಕೊಡುತ್ತಾರೆ, ಫಾರಂನಲ್ಲಿ ಅದೇ ಇರಬೇಕು ಅಂತ ಅಲ್ಲೇ ನಿಂತು ನೋಡುತ್ತಾರೆ.

ಅಂಚೆಯಲ್ಲಿ ಸುಂಕ ತಪ್ಪಾಗಿ ಬಿದ್ದರೆ ಕೇಳಲು ದಾರಿ ಇದೆ. ಪಾರ್ಸೆಲ್ ಮೇಲೆ ಇ14 ಅನ್ನುವ ಚೀಟಿ ಅಂಟಿಸಿರುತ್ತಾರೆ. ದುಡ್ಡು ಕಟ್ಟಿ ಬಿಡಿಸಿಕೊಂಡು, 90 ದಿನದೊಳಗೆ ಅದರ ಜೊತೆ ಅರ್ಜಿ ಹಾಕಬಹುದು. ಹಾಗಾಗಿ ಡಬ್ಬಿ ಕಸಕ್ಕೆ ಹಾಕುವ ಮೊದಲು ಆ ಚೀಟಿ ಕಿತ್ತಿಟ್ಟುಕೊಳ್ಳಿ. ಅಂಚೆಗೆ ಇರುವ ದೊಡ್ಡ ಅಪಾಯ ಮುಷ್ಕರ. 2024ರ ನವೆಂಬರ್ 15ರಿಂದ ಡಿಸೆಂಬರ್ 17ರವರೆಗೆ ಕೆನಡಾ ಪೋಸ್ಟ್ ನಿಂತಾಗ ಇಲ್ಲಿ ಎಷ್ಟು ಮನೆಗಳ ಪೆಟ್ಟಿಗೆಗಳು ಸಿಕ್ಕಿಕೊಂಡಿದ್ದವು! ಆಗ ಕೊರಿಯರ್ ಬಿಟ್ಟರೆ ಗತಿ ಇರಲಿಲ್ಲ.

ಪುಸ್ತಕದ್ದು ಬೇರೆಯೇ ಕಥೆ. ಪುಸ್ತಕ, ಪತ್ರಿಕೆಗಳಿಗೆ ಆ 20 ಡಾಲರ್ ವಿನಾಯಿತಿ ಅನ್ವಯಿಸಲ್ಲ. ಪುಸ್ತಕಕ್ಕೆ ಸುಂಕ ಇಲ್ಲ, ಒಂಟಾರಿಯೊದಲ್ಲಿ 5% ಜಿಎಸ್‌ಟಿ, ಅಂದರೆ ಕೇಂದ್ರ ಸರ್ಕಾರದ ಪಾಲಿನ ತೆರಿಗೆ, ಮಾತ್ರ. ಬೆಂಗಳೂರಿನಿಂದ 40 ಡಾಲರ್‌ನ ಕನ್ನಡ ಕಾದಂಬರಿಗಳನ್ನು ಅಂಚೆಯಲ್ಲಿ ತರಿಸಿದರೆ ತೆರಿಗೆ 2 ಡಾಲರ್, ಆ ಎರಡು ಡಾಲರ್ ವಸೂಲು ಮಾಡಿದ್ದಕ್ಕೆ 9.95. ಏಜೆಂಟ್ ಕೈಯಲ್ಲಿ ಕಳಿಸಿದರೆ ಸಾಗಣೆಯೇ ಪುಸ್ತಕದ ಬೆಲೆ ಮೀರುತ್ತದೆ. ಇದಕ್ಕೆ ಅಂಚೆಯೂ ಬೇಡ, ಕೊರಿಯರೂ ಬೇಡ. ಊರಿಗೆ ಹೋದಾಗ ಸೂಟ್‌ಕೇಸ್‌ಗೆ ಹಾಕಿಕೊಂಡು ಬಂದರೆ ಆ 800ರ ವಿನಾಯಿತಿಯಲ್ಲೇ ಬರುತ್ತವೆ. 23 ಕೆಜಿಯಲ್ಲಿ ಪುಸ್ತಕಕ್ಕೆ ಎಷ್ಟು, ಉಪ್ಪಿನಕಾಯಿಗೆ ಎಷ್ಟು ಅನ್ನುವ ಜಗಳ ಮಾತ್ರ ಮನೆಯಲ್ಲೇ ಬಗೆಹರಿಸಿಕೊಳ್ಳಬೇಕು.