ಮೂರು ವರ್ಷ ಬಳಸಿದ ಡ್ಯಾಶ್‌ಕ್ಯಾಮ್: ಸ್ಕ್ರೀನ್ ಮೇಲಿನ ಸ್ಪೀಡ್ ಒಂದನ್ನೇ ನಂಬ್ಬೇಡಿ

ನಮ್ಮ ಕಾರಲ್ಲಿ ಡ್ಯಾಶ್‌ಕ್ಯಾಮ್ ಹಾಕ್ಸಿ ಮೂರು ವರ್ಷ ಆಯ್ತು. ಸೆಕೆಂಡಿಗೆ 30 ಫ್ರೇಮು, ಜಿಪಿಎಸ್ ಇದೆ, ಒಳಗೆ ಬ್ಯಾಟರಿ ಬದಲು ಕೆಪಾಸಿಟರ್ (ಕರೆಂಟ್ ಹೋದ್ರೂ ಸ್ವಲ್ಪ ಹೊತ್ತು ಕ್ಯಾಮೆರಾ ನಡೆಸೋ ಭಾಗ). ಶುರೂಲಿ ಬರೀ ಕಿರಿಕಿರಿ. ಏಟು, ಕುಲುಕು ಗುರುತಿಸೋ ಜಿ-ಸೆನ್ಸರ್ ಹೈನಲ್ಲಿಟ್ಟಿದ್ದೆ, ಮದ್ದೂರು ಮಳವಳ್ಳಿ ಕಡೆ ಊರಿಗೆರಡು ಹಂಪು, ಪ್ರತಿ ಹಂಪಿಗೂ ಎಮರ್ಜೆನ್ಸಿ ಅಂತ ಕ್ಲಿಪ್ ಲಾಕ್ ಆಗಿ ಆಗಿ ಕಾರ್ಡ್ ತುಂಬಿ ರೆಕಾರ್ಡಿಂಗೇ ನಿಂತೋಗೋದು. ಲೋಗೆ ಇಟ್ಮೇಲೆ ಸರಿಹೋಯ್ತು. ಬೇಸಿಗೇಲಿ ಗ್ಲಾಸಿನ ಟೇಪ್ ಎರಡು ಸಲ ಬಿಟ್ಕೊಂಡಿದೆ. ರಾತ್ರಿ ಹೊತ್ತು ನಂಬರ್ ಪ್ಲೇಟ್ ಕಾಣಲ್ಲ, ಅದನ್ನ ಆಸೆ ಇಟ್ಕೊಂಡು ತಗೋಬೇಡಿ.

ಹೋದ ವರ್ಷ ಕಬ್ಬಿನ ಸೀಸನ್ನು, ರಾತ್ರಿ ಅಮ್ಮನ್ನ ಕರ್ಕೊಂಡು ಬರ್ತಿದ್ದೆ. ಕಬ್ಬು ತುಂಬಿದ ಟ್ರೇಲರ್ ರೋಡಲ್ಲೇ ನಿಂತಿತ್ತು, ಹಿಂದೆ ಲೈಟಿಲ್ಲ, ರಿಫ್ಲೆಕ್ಟರಿಲ್ಲ. ಬ್ರೇಕ್ ಪೂರ್ತಿ ಒತ್ತಿದೆ, ಆದ್ರೂ ಹೋಗಿ ಗುದ್ದಿದೆ. ನಂಗೆ ಬೆಲ್ಟ್ ಇತ್ತು, ಏರ್‌ಬ್ಯಾಗೂ ಬಿಡ್ತು, ಎದೆ ಮೇಲೆ ಅಡ್ಡಕ್ಕೆ ಒಂದು ಬರೆ ಅಷ್ಟೇ. ಅಮ್ಮ ಹಿಂದಿನ ಸೀಟಲ್ಲಿ ಬೆಲ್ಟಿಲ್ದೆ ಕೂತಿದ್ರು. ಮಂಡಿಚಿಪ್ಪು ಒಡೀತು.

ಕಾರಿನ ಕರೆಂಟೇ ಹೋಗಿದ್ರೂ ಕೆಪಾಸಿಟರ್ ಇದ್ದಿದ್ರಿಂದ ಕೊನೆ ಫೈಲ್ ಸೇವ್ ಆಗಿತ್ತು. ಆದ್ರೆ ಗುದ್ದೋ ಕ್ಷಣದಲ್ಲಿ ಸ್ಕ್ರೀನ್ ಮೇಲೆ 58 ಅಂತಿದೆ, ಟ್ರ್ಯಾಕ್ಟರ್ ಕಡೆಯವ್ರು ಅದನ್ನೇ ಹಿಡ್ಕೊಂಡು ಬ್ರೇಕೇ ಹಾಕಿಲ್ಲ ಅಂದ್ರು. ನಮ್ಮ ಭಾವ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡೋರು, ಆ ಜಿಪಿಎಸ್ ಸೆಕೆಂಡಿಗೆ ಒಂದೇ ಸಲ ಸ್ಪೀಡ್ ಬದಲಾಯಿಸುತ್ತೆ ಕಣೋ, ಬ್ರೇಕ್ ಹಿಡಿದಾಗ ಅದು ತೋರ್ಸೋದು ಹಳೇ ಸ್ಪೀಡು, ಫ್ರೇಮ್ ಎಣಿಸೋಣ ಬಾ ಅಂದ್ರು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ಎಬಿಎಸ್ ಇರೋ ಗಾಡಿ ಆಗಿದ್ರಿಂದ ರೋಡಲ್ಲಿ ಟೈರ್ ಉಜ್ಜಿದ ಗುರುತೂ ಸರಿಯಾಗಿ ಬಿದ್ದಿರ್ಲಿಲ್ಲ, ಇದ್ದಿದ್ರೆ ಅದರ ಉದ್ದದಿಂದಲೇ ಲೆಕ್ಕ ಹಾಕಬಹುದಿತ್ತು. ಮತ್ತೆ ಆ ಜಾಗಕ್ಕೆ ಹೋಗಿ ವಿಡಿಯೋದಲ್ಲಿ ಕಾಣೋ ಮೋರಿ ಕಲ್ಲಿಂದ ಗುದ್ದಿದ ಜಾಗದ ತನಕ ಟೇಪ್ ಹಿಡಿದ್ವಿ. ಕೊನೆ ಐದೂವರೆ ಮೀಟರ್ ದಾಟೋಕೆ 15 ಫ್ರೇಮು, ಅಂದ್ರೆ ಅರ್ಧ ಸೆಕೆಂಡು. ಸರಾಸರಿ ಗಂಟೆಗೆ 40 ಕಿ.ಮೀ. ಹತ್ರ ಬಂತು, ಒಣ ಡಾಂಬರಲ್ಲಿ ಬ್ರೇಕ್ ಇನ್ನೂ ಹಿಡಿದೇ ಇತ್ತಲ್ಲ, ಹಂಗಾಗಿ ತಾಗೋ ಹೊತ್ತಿಗೆ ಸುಮಾರು 33. ಇಷ್ಟೇ ತಾನೇ ವ್ಯತ್ಯಾಸ ಅನ್ಬೇಡಿ, ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, 58ರಲ್ಲಿ ಗುದ್ದಿದ್ರೆ ಮೂರು ಪಟ್ಟು ಏಟು.

ಆಮೇಲೆ ಭಾವ ಇನ್ನೊಂದು ತೋರಿಸಿದ್ರು, ಅದು ನಂಗೆ ಇವತ್ತಿಗೂ ಕಣ್ಣ ಮುಂದಿದೆ. ಕಾರಿನ ಮುಂಭಾಗ 40 ಸೆಂಟಿಮೀಟರ್ ಒಳಗೆ ಹೋಗಿತ್ತು. 33ರಿಂದ ಸೊನ್ನೆಗೆ ಅಷ್ಟು ಜಾಗದಲ್ಲಿ ನಿಲ್ಬೇಕು ಅಂದ್ರೆ ಸರಾಸರಿ 11 ಜಿ, ಅಂದ್ರೆ ಭೂಮಿ ಎಳೆಯೋ ಬಲದ 11 ಪಟ್ಟು. ವಿಡಿಯೋದಲ್ಲಿ ಅದು ಎರಡು ಮೂರು ಫ್ರೇಮು ಅಷ್ಟೇ, ಒಂದರಲ್ಲಿ ಬಾನೆಟ್ ನೆಟ್ಟಗಿದೆ, ಇನ್ನೆರಡು ಫ್ರೇಮಿಗೆ ಮಡಚ್ಕೊಂಡು ಎದ್ದಿದೆ. ಬೆಲ್ಟ್ ಹಾಕಿದೋರು ಕಾರಿನ ಜೊತೆಗೇ ಆ 40 ಸೆಂಟಿಮೀಟರಲ್ಲಿ ನಿಲ್ತಾರೆ. ಅಮ್ಮಂಗೆ ಆ ಜಾಗ ಸಿಗಲೇ ಇಲ್ಲ, ಕಾರು ನಿಲ್ತಾ ಇದ್ರೂ ಅವ್ರು ಅದೇ ಸ್ಪೀಡಲ್ಲಿ ಮುಂದೆ ಹೋಗಿ ನನ್ನ ಸೀಟಿನ ಬೆನ್ನಿಗೆ ಮಂಡಿ ಕೊಟ್ರು. ಅವ್ರ ತೂಕ 55 ಕೆಜಿ. 11 ಜಿನೇ ಆದ್ರೂ 600 ಕೆಜಿ ಭಾರ ತಳ್ಳಿದಂಗೆ, ನಿಲ್ಲೋಕೆ ಸಿಕ್ಕ ಜಾಗ ಕಮ್ಮಿ ಆದಷ್ಟೂ ಇನ್ನೂ ಜಾಸ್ತಿ. ಮಂಡಿಗೆ ಬಿದ್ದ ಆ ಏಟು ತೊಡೆ ಮೂಳೆ ಹಿಡಿದು ಸೊಂಟದ ಕೀಲಿಗೂ ಹೋಗುತ್ತಂತೆ, ಅದಕ್ಕೇ ಡಾಕ್ಟ್ರು ಸೊಂಟದ ಎಕ್ಸ್‌ರೇನೂ ಬರ್ದಿದ್ರು. ಅಲ್ಲೇನೂ ಆಗಿರ್ಲಿಲ್ಲ, ದೇವ್ರು ದೊಡ್ಡೋನು. ಬೆಲ್ಟ್ ಹಾಕಿ ಅಂತ ಒಂದು ಮಾತು ಹೇಳ್ಬೇಕಿತ್ತು ನಾನು.

ಅಂದಹಾಗೆ ಕ್ಯಾಮೆರಾದ ಜಿ-ಸೆನ್ಸರ್ ಗ್ರಾಫ್ ಈ ಲೆಕ್ಕಕ್ಕೆ ಬರಲಿಲ್ಲ, ನನ್ನದರಲ್ಲಿ ಮೇಲ್ಗಡೆ ಚಪ್ಪಟೆಯಾಗಿ ಕಟ್ ಆಗಿದೆ, ಅಂದ್ರೆ ಏಟು ಅದರ ಅಳತೆ ಮೀರಿದೆ, ಅದು ಕ್ಲಿಪ್ ಲಾಕ್ ಮಾಡೋಕೆ ಮಾತ್ರ.

ತಗೊಳೋರು ಕೆಪಾಸಿಟರ್ ಇರೋದೇ ನೋಡಿ, ಪದೇ ಪದೇ ರೆಕಾರ್ಡ್ ಮಾಡಿದ್ರೂ ತಾಳೋ ಹೈ ಎಂಡ್ಯೂರೆನ್ಸ್ ಕಾರ್ಡ್ ಹಾಕಿ, ಟೈಮ್ ಸರಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡ್ಕೊಳ್ಳಿ. ಏನಾದ್ರೂ ಆದ್ರೆ ಕಾರ್ಡ್ ತಕ್ಷಣ ತೆಗೆದಿಡಿ, ವಾಟ್ಸಾಪಲ್ಲಿ ಕಳಿಸಿದ್ರೆ ವಿಡಿಯೋ ಕುಗ್ಗಿ ಫ್ರೇಮ್ ಲೆಕ್ಕ ಕೆಡುತ್ತೆ. 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಕಾಯ್ದೇಲಿ ವಿಡಿಯೋದಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಸೆಕ್ಷನ್ 63ರ ಸರ್ಟಿಫಿಕೇಟ್ ಜೊತೆ ಫೈಲಿನ ಹ್ಯಾಷ್ ವ್ಯಾಲ್ಯೂನೂ (ಫೈಲ್ ತಿದ್ದಿಲ್ಲ ಅಂತ ತೋರ್ಸೋ ಕೋಡು) ಕೊಡ್ಬೇಕು. ನಮ್ಮ ಕಾರ್ಡು ಇನ್ನೂ ಲಾಯರ್ ಹತ್ರ ಕವರಲ್ಲೇ ಇದೆ, ಕಾರಲ್ಲಿ ಓಡ್ತಿರೋದು ಹೊಸದು.