ಎಂಟು ತಿಂಗಳ ಕೋಲು

ನನ್ನ ಹಣೆಯ ಎಡಗಡೆ ಒಂದು ಕಲೆ ಇದೆಯಂತೆ. ಶಿರಸಿ ಪೇಟೆಯಲ್ಲಿ ನಿಂತಿದ್ದ ಅಡಿಕೆ ಲಾರಿಯೊಂದರ ಕೊಡುಗೆ ಅದು. ಬಿಳಿ ಕೋಲು ಹಿಡಿದವರಿಗೆಲ್ಲ ಈ ಕಥೆ ಗೊತ್ತು. ಕೋಲು ಲಾರಿಯ ಅಡಿಗೆ ಸಲೀಸಾಗಿ ಹೋಗುತ್ತದೆ, ದಾರಿ ಖಾಲಿ ಇದೆ ಬಾ ಎನ್ನುತ್ತದೆ. ಹಿಂದಿನಿಂದ ಹೋದ ನಮ್ಮ ತಲೆ ಡಬ್ ಎನ್ನುತ್ತದೆ. ಮೊಣಕಾಲಿನ ಮೇಲೆ ಏನಿದೆ ಎನ್ನುವುದು ಆ ಕೋಲಿಗೆ ಗೊತ್ತಾಗುವುದೇ ಇಲ್ಲ.

ಮನೆಯಲ್ಲೂ ಅದೇ ಗೋಳು. ಅಂಗಳದ ಅಡಿಕೆ ಅಟ್ಟದ ಗಳ, ಬಟ್ಟೆ ತಂತಿ, ಹಿತ್ತಿಲ ಗಿಡ್ಡ ಬಾಗಿಲು. ಸಂಜೆ ಬಂದ ಕೂಡಲೇ ಅಮ್ಮ ಕೇಳುತ್ತಿದ್ದಳು, "ಇವತ್ತು ಎಲ್ಲಿ ಜಪ್ಪಿಸ್ಕ್ಯಂಡೆ ತಮಾ?"

ಅದಕ್ಕೇ ಮೂರು ವರ್ಷದ ಹಿಂದೆ ಈ ನಡುಗುವ ಕೋಲು ತಗೊಂಡೆ. ದೆಹಲಿ ಐಐಟಿಯವರ ಸ್ಮಾರ್ಟ್‌ಕೇನ್ 2014ರಲ್ಲಿ ಬಂದ ಮೇಲೆ ಈ ಜಾತಿಯ ಕೋಲಿನ ವಿಷಯ ನಿಮ್ಮ ಕಿವಿಗೂ ಬಿದ್ದಿರುತ್ತದೆ. ನನ್ನದು ಬೇರೆಯವರದು. ಹೆಸರು ಬೇಡ, ಮುಂದೆ ಬೈಯುವುದಿದೆ. ಮಾಮೂಲಿ ಮಡಚುವ ಕೋಲಿಗೆ ಮೇಲೊಂದು ಹಿಡಿ ಸಿಕ್ಕಿಸುವುದು, ಅಷ್ಟೇ. ಆ ಹಿಡಿ ನಮ್ಮ ಕಿವಿಗೆ ಕೇಳದ ಸದ್ದು ಬಿಡುತ್ತದೆ. ಸದ್ದು ಎದುರಿನ ವಸ್ತುವಿಗೆ ಬಡಿದು ವಾಪಸ್ ಬಂದರೆ ನಡುಗುತ್ತದೆ. ಬಾವಲಿಯ ಲೆಕ್ಕ. 3 ಮೀಟರ್ ದೂರ ಹೋಗಿ ಬರಲು ಸದ್ದಿಗೆ ಸೆಕೆಂಡಿನ ಐವತ್ತನೇ ಒಂದು ಭಾಗವೂ ಬೇಡ. ಹತ್ತಿರವಾದಷ್ಟೂ ನಡುಕ ಜಾಸ್ತಿ.

ಮೊದಲ ವಾರ ಅಂಗೈಯಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಎರಡು ತಿಂಗಳಲ್ಲಿ ಬೆರಳಿಗೇ ಭಾಷೆ ಬಂತು. ಲಾರಿಯಾದರೆ ಬಿಡದೆ ನಡುಗುತ್ತದೆ. ಕರೆಂಟು ಕಂಬವಾದರೆ ಕೋಲು ಆಚೀಚೆ ಆಡಿಸುವಾಗ ಒಮ್ಮೆ ಸಿಕ್ಕಿ ತಪ್ಪಿಹೋಗುತ್ತದೆ. ಚರಂಡಿ, ಹೊಂಡ ಮಾತ್ರ ಹೇಳುವುದಿಲ್ಲ. ಅದಕ್ಕೆ ಕೋಲಿನ ತುದಿಯೇ ಬೇಕು.

ಬೆಳಿಗ್ಗೆ ಕಷಾಯ ಕುಡಿದು, ಚಾರ್ಜರಿನಿಂದ ಹಿಡಿ ಕಿತ್ತು, ಟಕ್ ಎಂದು ಕೋಲಿಗೆ ಸಿಕ್ಕಿಸಿ, ಅಂಗಳದ ತುಳಸಿಕಟ್ಟೆಗೆ ಒಮ್ಮೆ ಹಿಡಿಯುತ್ತೇನೆ. ಗುರ್ ಎಂದರೆ ಇವತ್ತಿನ ಮಟ್ಟಿಗೆ ಸರಿ ಇದೆ ಎಂದರ್ಥ. ತುಳಸಿಗೆ ದಿನಾ ನನ್ನ ನಮಸ್ಕಾರ ಸಲ್ಲುತ್ತಿರುವುದು ಹೀಗೆ. ಬಸ್ಸಿನಲ್ಲಿ ಆಫ್ ಮಾಡಿಡಬೇಕು. ಮರೆತರೆ ಸುತ್ತ ನಿಂತವರಿಗೆಲ್ಲ ನಡುಗುತ್ತದೆ. "ಎಂತಾ ಮಾರಾಯ್ರೆ, ನಿಮ್ಮ ಕೋಲಿಗೂ ಚಳಿಯಾ?" ಎಂದು ಕಂಡಕ್ಟರ್ ಕೇಳಿದ್ದು ಈಗಲೂ ನಗು ತರಿಸುತ್ತದೆ. ಅಮ್ಮನ ಪ್ರಶ್ನೆ ಯಾವಾಗ ನಿಂತಿತು ಎನ್ನುವುದು ನನಗೆ ಗೊತ್ತೇ ಆಗಲಿಲ್ಲ.

ಇಲ್ಲಿಯ ತನಕ ಐದಕ್ಕೆ ಐದು ಕೊಡುತ್ತಿದ್ದೆ. ಆದರೆ ನಾನಿರುವುದು ಶಿರಸಿಯಲ್ಲಿ. ಜೂನ್ ಬಂತು.

ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಕೋಲು. ಗಾಳಿಗೆ ಕೊಡೆಯನ್ನು ಮುಂದಕ್ಕೆ ಬಗ್ಗಿಸಿ ಹಿಡಿಯದಿದ್ದರೆ ನಡೆಯುವುದಕ್ಕೇ ಆಗುವುದಿಲ್ಲ. ಬಗ್ಗಿಸಿದರೆ ಅದರ ಅಂಚೇ ಕೋಲಿಗೆ ಅಡ್ಡ. ಗುರ್ ಗುರ್ ಗುರ್, ಮನೆಯಿಂದ ಬಸ್‌ಸ್ಟಾಪಿನ ತನಕ. ನನ್ನ ಕೊಡೆಯ ಬಗ್ಗೆ ನನಗೇ ಎಚ್ಚರಿಕೆ! ರೇನ್‌ಕೋಟ್ ಹಾಕಿಕೊಳ್ಳಿ ಎಂದರು. ಹಾಕಿದೆ. ಅದರ ಟೋಪಿ ಕಿವಿ ಮುಚ್ಚುತ್ತದೆ, ಮೇಲಿಂದ ಪಟಪಟ ಸದ್ದು. ಬೈಕು ಎಡಕ್ಕೆ ಬಂತೋ ಬಲಕ್ಕೋ ತಿಳಿಯುವುದೇ ಇಲ್ಲ. ಅದಕ್ಕಿಂತ ನೆನೆಯುವುದೇ ವಾಸಿ.

ಇನ್ನೊಂದು ಮಜಾ ಕೇಳಿ. ಕಂಬಳಿ ಕೊಪ್ಪೆ ಹಾಕಿಕೊಂಡು ಎದುರಿಗೆ ಬಂದ ಪಕ್ಕದ ಮನೆಯ ಅಜ್ಜನಿಗೆ ನಾನು ಸೀದಾ ಡಿಕ್ಕಿ. ಕೋಲು ಕೊನೇ ಗಳಿಗೆಯ ತನಕ ಸುಮ್ಮನಿತ್ತು. ಉಣ್ಣೆ ಸದ್ದನ್ನು ನುಂಗಿಕೊಳ್ಳುತ್ತದೆ, ವಾಪಸ್ ಕಳಿಸುವುದು ಕಡಿಮೆ. ಇದು ಕಂಪನಿಯ ತಪ್ಪಲ್ಲ ಬಿಡಿ, ಅಜ್ಜನದೂ ಅಲ್ಲ.

ಎರಡನೇ ಮಳೆಗಾಲದಲ್ಲಿ ಹಿಡಿಯೊಳಗೆ ನೀರು ಹೋಗಿ ಕೆಟ್ಟಿತು. ಫೋನ್ ಮಾಡಿದೆ. "ಮಳೆಯಲ್ಲಿ ಬಳಸಬೇಡಿ ಸಾರ್" ಎಂದು ಬಹಳ ವಿನಯದಿಂದ ಹೇಳಿದರು. ಹಾಗಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಮನೆಯಲ್ಲೇ ಕೂರಬೇಕಾ? ಇದನ್ನು ಮಾಡಿದವರು ಮಳೆ ಎಂದರೆ ಸಂಜೆ ಅರ್ಧ ಗಂಟೆ ಬಂದು ಹೋಗುವುದು ಎಂದುಕೊಂಡಿರಬೇಕು. ಪಾರ್ಸಲ್ ಮಾಡಿ ಕಳಿಸಿದ್ದು ವಾಪಸ್ ಬರಲು 40 ದಿನ. ರಿಪೇರಿಗೆ ಬಿದ್ದ ದುಡ್ಡಿನಲ್ಲಿ ಎರಡು ಮಾಮೂಲಿ ಕೋಲು ಬರುತ್ತಿತ್ತು. ಸೊಸೈಟಿಯಲ್ಲಿ ಫೋನ್ ಎತ್ತುವ ಕೆಲಸ ಮಾಡುವ ನನಗೆ ಅದು ಸಣ್ಣ ಮೊತ್ತವಲ್ಲ.

ಬಯಲುಸೀಮೆಯವರು ಕಣ್ಣುಮುಚ್ಚಿ ತಗೊಳ್ಳಿ (ನಾನು ಹೇಳಬಹುದು ಈ ಮಾತು). ನಮ್ಮ ಕಡೆಯವರು ತಗೊಳ್ಳುವುದಾದರೆ ಅಕ್ಟೋಬರ್ ಮುಗಿದ ಮೇಲೆ ತಗೊಳ್ಳಿ. ಹಳೇ ಕೋಲು ಬಿಸಾಡಬೇಡಿ. ಮಳೆಗಾಲದಲ್ಲಿ ನಾನು ಅದನ್ನೇ ಹಿಡಿದು, ಲಾರಿ ನಿಲ್ಲುವ ಜಾಗದಲ್ಲಿ ಎಡಗೈ ಮುಖದ ಎದುರು ಅಡ್ಡ ಹಿಡಿದುಕೊಂಡು ಹೋಗುತ್ತೇನೆ. ಕೊಡೆ ಆಗ ಕಂಕುಳಲ್ಲಿ.

ಹಿಡಿ ಸದ್ಯ ಅಕ್ಕಿ ಡಬ್ಬದಲ್ಲಿದೆ, ಥಂಡಿ ಹಿಡಿಯದಿರಲಿ ಎಂದು. ಮೊನ್ನೆ ಅನ್ನಕ್ಕಿಡಲು ಅಮ್ಮ ಡಬ್ಬಕ್ಕೆ ಕೈ ಹಾಕಿದವಳು ಅದರ ಗುಂಡಿ ಒತ್ತಿಬಿಟ್ಟಳು. ಅಕ್ಕಿಯೊಳಗಿಂದ ಗುರ್ ಎಂದಿದ್ದೇ ತಡ, "ಕಪ್ಪೆ! ಕಪ್ಪೆ!" ಎಂದು ಜಗಲಿಯ ತನಕ ಓಡಿ ಬಂದಳು.